ಸೇತುವೆಯ ಹತ್ತಿರ ನಿಂತಿದ್ದ ಶೇಂಗಾ

ಹೋದ ವಾರ ಚಿತ್ತೆ ಮಳೆಯ ಸಿಡಿಲಿಗೆ ನಮ್ಮ ಮನೆಯ ಇಂಟರ್‌ನೆಟ್ ಡಬ್ಬಿ ಸುಟ್ಟುಹೋಯಿತು. ಗೋಡೆಯ ಹತ್ತಿರ ಚಟ್ ಎಂದು ಒಂದು ಸದ್ದು, ಚೂರು ನೀಲಿ ಬೆಳಕು, ಆಮೇಲೆ ವಾಸನೆ. ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಎಲ್ಲರಿಗೂ ಗೊತ್ತು. ಆದರೆ ಅಟ್ಟದ ಮೇಲೆ ಕೊಬ್ಬರಿ ಒಣಗುತ್ತಿರುವ ಮನೆಯಲ್ಲಿ, ಹೊರಗಿನಿಂದ ಮಳೆಮಣ್ಣಿನ ಗಾಳಿ ನುಗ್ಗುತ್ತಿರುವಾಗ, ಆ ವಾಸನೆ ಬೇರೆಯೇ ಥರ ಇರುತ್ತದೆ. ಈ ಮನೆಯಲ್ಲಿ ಅದು ನನ್ನ ಮೂಗಿಗೆ ಬಡಿದದ್ದು ಅದಕ್ಕೆ ಮೊದಲು ಒಂದೇ ಸಲ.

"ಅಯ್ಯೋ ಮುತ್ತಜ್ಜೀ, ನನ್ನ ಟೀಮು! ಅವ್ರೆಲ್ಲ ನಂಗೇ ಕಾಯ್ತಾವ್ರೆ!" ಎಂದು ಚಿನ್ನು ಮೊಬೈಲು ಹಿಡಿದುಕೊಂಡೇ ಕುಣಿದಾಡಿ ಅಳುವುದಕ್ಕೆ ಶುರು ಮಾಡಿದಳು.

ಚಿನ್ನು ಯಾರು ಅಂತ ಹೇಳಿಬಿಡುತ್ತೇನೆ, ಹೇಳದಿದ್ದರೆ ಉಂಡದ್ದು ಅರಗುವುದಿಲ್ಲ ನನಗೆ. ನನ್ನ ಮೊಮ್ಮಗಳು ವೀಣಾಳ ಮಗಳು. ನನ್ನ ಮರಿಮಗಳು! ಮುಂದಿನ ಎರಡು ಹಲ್ಲು ಬಿದ್ದಿವೆ, ಆ ಕಿಂಡಿಯಲ್ಲೇ ನೀರು ಚಿಮ್ಮಿಸಿ ಅಂಗಳದ ಕೋಳಿಯನ್ನು ಓಡಿಸುತ್ತಾಳೆ. ವೀಣಾ ತಿಪಟೂರಿನಲ್ಲಿ ತನ್ನ ಅಪ್ಪನ ಮೋಟಾರು ವೈಂಡಿಂಗ್ ಅಂಗಡಿಯನ್ನು ಈಗ ಅವಳೇ ನಡೆಸುತ್ತಾಳೆ. ಬೋರ್‌ವೆಲ್ ಮೋಟಾರು ಸುಟ್ಟರೆ ಗಂಡಸರು ಹೊತ್ತುಕೊಂಡು ಬಂದು ಇವಳ ಮುಂದೆ ಇಳಿಸುತ್ತಾರೆ, "ಅಕ್ಕಾ, ನಾಳೆ ಬೆಳಿಗ್ಗೆ ನೀರು ಬುಡಬೇಕು ಕಣಕ್ಕ" ಅಂತ ಕೈಮುಗಿಯುತ್ತಾರೆ. ದಸರಾ ರಜೆ ಬಂದರೆ ತಾಯಿ ಮಗಳು ಇಬ್ಬರೂ ಹೊನ್ನವಳ್ಳಿಗೆ, ನಮ್ಮ ಮನೆಗೆ. ಆಗ ನನಗೆ ಕಾಲು ನೆಲದ ಮೇಲೆ ನಿಲ್ಲುವುದಿಲ್ಲ. ಒಂದು ದಿನ ಒಬ್ಬಟ್ಟು, ಒಂದು ದಿನ ಕಾಯಿಹಾಲು ಶ್ಯಾವಿಗೆ. "ಅಜ್ಜಿ, ಸಾಕು ಕಣಜ್ಜಿ, ಮಗೂಗೆ ಹೊಟ್ಟೆ ಕೆಡುತ್ತೆ" ಅನ್ನುತ್ತಾಳೆ ವೀಣಾ. ಕೆಟ್ಟರೆ ಜೀರಿಗೆ ಕಷಾಯ ಇಲ್ಲವೇ? ನಾನಿಲ್ಲವೇ?

ಇಷ್ಟು ಸಂತೋಷ ತುಂಬಿದ ಮನೆಯಲ್ಲಿ ಆ ವಾಸನೆ ಎದ್ದಾಗ ಮಗು "ಕಾಯ್ತಾವ್ರೆ" ಅಂದಿತಲ್ಲ, ವೀಣಾ ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಿದೆ. ಇಬ್ಬರಿಗೂ ಒಂದೇ ಹೆಸರು ಬಾಯಿಗೆ ಬಂದಿತ್ತು.

ಆ ಹೆಸರು ಶೇಂಗಾ.

ವೀಣಾ ಆಗ ಹೈಸ್ಕೂಲು. ಹದಿನಾರು, ಹದಿನೇಳು ವರ್ಷದ ಹಿಂದಿನ ಮಾತು ಅಂತಿಟ್ಟುಕೊಳ್ಳಿ. ನನ್ನ ಮಗ ತಿಪಟೂರಿನಲ್ಲಿ ಮುಚ್ಚಿಹೋದ ಒಂದು ಸೈಬರ್ ಅಂಗಡಿಯಿಂದ ಹಳೆಯ ಕಂಪ್ಯೂಟರು ತಂದಿದ್ದ. ಮಗಳು ಓದಲಿ ಅಂತ. ಫೋನಿನ ತಂತಿಗೇ ಒಂದು ಡಬ್ಬಿ ಸಿಕ್ಕಿಸಿದರೆ ಇಂಟರ್‌ನೆಟ್ ಬರುತ್ತಿತ್ತು. ಅದನ್ನು ಅಟ್ಟದ ಕೆಳಗಿನ ಕೋಣೆಯಲ್ಲಿ ಇಟ್ಟರು. ತಲೆಯ ಮೇಲೆ ಸಾವಿರಗಟ್ಟಲೆ ತೆಂಗಿನಕಾಯಿ ಒಣಗುತ್ತಾ, ಅದರ ಕೆಳಗೆ ಇದು ಮಿಣಮಿಣ ಅನ್ನುತ್ತಾ. ವೀಣಾ ಓದಿದಳೋ ಇಲ್ಲವೋ, ಆಟವಂತೂ ಆಡಿದಳು.

ಅದು ಒಬ್ಬರೇ ಆಡುವ ಆಟವಲ್ಲ. ಎಲ್ಲೆಲ್ಲಿಯವರೋ ಅವರವರ ಮನೆಯಲ್ಲಿ ಕೂತು ಒಂದೇ ಊರೊಳಗೆ ಓಡಾಡುವ ಆಟ. ಆ ಊರಲ್ಲಿ ಕಾಡುಂಟು, ಹೊಳೆಯುಂಟು, ಸಂತೆಯುಂಟು. ಒಬ್ಬೊಬ್ಬರಿಗೂ ಒಂದೊಂದು ಗೊಂಬೆ. ವೀಣಾಳ ಗೊಂಬೆ ಕೆಂಪು ಅಂಗಿಯ ಹುಡುಗಿ, ಹೆಸರು ಹೊನ್ನಿ. ಅವಳ ಗುಂಪಿನಲ್ಲಿ ನಾಲ್ಕು ಜನ, ನಾಲ್ವರೂ ಕನ್ನಡದವರು. ಹುಲಿ ಅಂತ ಒಬ್ಬ, ಅವನೇ ಯಜಮಾನಿಕೆ ಮಾಡುವವನು. ಬಾಣ ಅಂತ ಒಬ್ಬ, ಹುಲಿ ಹೇಳಿದ್ದಕ್ಕೆಲ್ಲ ಹೂಂ ಅನ್ನುವವನು. ಆಮೇಲೆ ನಮ್ಮ ಹೊನ್ನಿ. ನಾಲ್ಕನೆಯದು ಶೇಂಗಾ. ಇವರ ನಿಜವಾದ ಹೆಸರು, ಊರು, ವಯಸ್ಸು ಒಂದೂ ಗೊತ್ತಿಲ್ಲ. ಪರದೆಯ ಕೆಳಗೆ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡದ ಮಾತು ಬರೆದು ಬರೆದು ಮಾತಾಡುತ್ತಿದ್ದರು. ನಾನು ಓದಿದ್ದು ಕನ್ನಡ ನಾಲ್ಕನೇ ಕ್ಲಾಸು. ವೀಣಾ ಓದಿ ಹೇಳಬೇಕು, ನಾನು ಕೇಳಬೇಕು.

"ಇದೆಂಥ ಹೆಸರೇ, ಶೇಂಗಾ?" ಎಂದು ಕೇಳಿದ್ದೆ.

"ಕಡ್ಲೇಕಾಯಿ ಕಣಜ್ಜಿ. ಗದಗ, ಬಾಗಲಕೋಟೆ ಕಡೆಯವ್ರು ಹಂಗಂತಾರೆ."

"ಗಂಡೋ ಹೆಣ್ಣೋ?"

"ಯಾರಿಗ್ ಗೊತ್ತು."

ಉತ್ತರೆ ಮಳೆ ಬಿದ್ದು ತೋಟದ ದಾರಿ ಪಾಚಿ ಕಟ್ಟಿತ್ತು. ವೀಣಾ ಸ್ಕೂಲಿನಿಂದ ಬರುವಾಗ ಬಿದ್ದಿದ್ದ ಒಂದು ತೆಂಗಿನ ಸೋಗೆಯ ಮೇಲೆ ಸೈಕಲ್ಲು ಹತ್ತಿಸಿ ಜಾರಿ ಬಿದ್ದಳು. ಬಲಗೈ ಮುರಿಯಿತು. ತಿಪಟೂರಿನ ಡಾಕ್ಟರು ಅಂಗೈಯಿಂದ ತೋಳಿನ ತನಕ ಬಿಳಿ ಸಿಮೆಂಟು ಪಟ್ಟಿ ಹಾಕಿ, ದೀಪಾವಳಿ ತನಕ ಬಿಚ್ಚುವ ಹಾಗಿಲ್ಲ ಅಂದರು. ಅವಳು ಅತ್ತದ್ದು ನೋವಿಗಲ್ಲ. ಆ ಆಟದೊಳಗೆ ಹೊಳೆಯ ಆಚೆ ಒಂದು ದೊಡ್ಡ ಬಾಗಿಲಿತ್ತಂತೆ. ನಾಲ್ಕು ಜನ ನಾಲ್ಕು ಕಲ್ಲಿನ ಮೇಲೆ ಒಟ್ಟಿಗೆ ನಿಂತರೆ ಮಾತ್ರ ಅದು ತೆರೆಯುವುದಂತೆ. ಅದೂ ಮುಂದಿನ ತಿಂಗಳ ಕೊನೆಯ ತನಕ ಮಾತ್ರ, ಆಮೇಲೆ ಇಲ್ಲವಂತೆ. ಅದರೊಳಗೆ ಏನಿದೆ ಅಂತ ಇವರ ಗುಂಪಿನಲ್ಲಿ ಯಾರೂ ನೋಡಿಲ್ಲ. ನೋಡಬೇಕು ಅಂತ ಒಂದು ವರ್ಷದಿಂದ ನಾಲ್ವರೂ ಸೇರಿ ದುಡಿದು ದುಡಿದು ಆ ಹೊಳೆಯ ದಡಕ್ಕೆ ಬಂದಿದ್ದರು. ಅಷ್ಟರಲ್ಲಿ ಇವಳ ಕೈ ಹೋಯಿತು.

"ಎಡಗೈಲಿ ಆಡೇ" ಅಂದೆ.

"ಎಡಗೈ ಕೀಲಿ ಒತ್ತಕ್ಕೆ ಬೇಕು ಕಣಜ್ಜಿ. ಮೌಸ್ ಹಿಡಿಯಕ್ಕೆ ಇನ್ನೊಂದು ಕೈ ಬೇಕು."

"ಇನ್ನೊಂದು ಕೈ ತಾನೆ? ತಗೋ, ಇಲ್ಲೈತೆ" ಎಂದು ನನ್ನ ಬಲಗೈ ಮುಂದೆ ಚಾಚಿದೆ.

ಹೀಗೆ ಶುರುವಾಯಿತು. ಅವಳ ಎಡಗೈ, ನನ್ನ ಬಲಗೈ, ಎರಡೂ ಸೇರಿ ಒಬ್ಬಳು ಹೊನ್ನಿ. ದಿನಾ ಸಂಜೆ ಹಸು ಕರೆದು, ಕೈ ತೊಳೆದು, ಸೆರಗಿಗೆ ಒರೆಸಿಕೊಂಡು ಹೋಗಿ ಕೂರುತ್ತಿದ್ದೆ. ಮೊಮ್ಮಗಳ ಪಕ್ಕ ಭುಜಕ್ಕೆ ಭುಜ ತಾಗಿಸಿ ಕೂರುವುದೆಂದರೆ ನನಗೆ ಎಷ್ಟು ಹಿಗ್ಗು! ಅವಳಿಗೆ ಮಾತ್ರ ಬೆಂಕಿ.

"ಅಜ್ಜೀ, ಒತ್ತು ಅಂದ್ರೆ ಒತ್ತಬೇಕು ಕಣಜ್ಜಿ, ಸವರೋದಲ್ಲ! ಬುಡು, ಬುಡು, ಬುಡು! ಅಯ್ಯೋ, ಮತ್ತೆ ಗೋಡೆಗೆ ಹೋಗಿ ಹಾಯ್ತಾವ್ಳೆ!"

ನಮ್ಮ ಯಜಮಾನರು ಬಾಗಿಲಲ್ಲಿ ನಿಂತು, "ಏನೇ ಇದು, ಮೇಜು ಒರೆಸ್ತಾ ಇದೀಯೋ, ಆಟ ಆಡ್ತಾ ಇದೀಯೋ?" ಎಂದು ನಗುತ್ತಿದ್ದರು. "ಹೋಗ್ರೀ ಅತ್ಲಾಗೆ, ಕಾಡಲ್ಲಿ ಕರಡಿ ಬಂದೈತೆ ಇಲ್ಲಿ" ಅನ್ನುತ್ತಿದ್ದೆ ನಾನು.

ನನ್ನಿಂದ ಗುಂಪಿನವರು ಪಟ್ಟ ಪಾಡು ಅಷ್ಟಿಷ್ಟಲ್ಲ. ಎಲ್ಲರೂ ಓಡಿದರೆ ನಾನು ನಿಲ್ಲುತ್ತಿದ್ದೆ, ಎಲ್ಲರೂ ನಿಂತರೆ ನಾನು ಕರಡಿಯ ಮೇಲೆ ಹೋಗುತ್ತಿದ್ದೆ. ಅದನ್ನೆಲ್ಲ ಸಹಿಸಿಕೊಂಡಿದ್ದರು ಅನ್ನಿ, ಕೈ ಮುರಿದಿದೆ ಅಂತ ವೀಣಾ ಮೊದಲೇ ಹೇಳಿದ್ದಳು. ಆದರೆ ಅಜ್ಜಿ ಆಡುತ್ತಿದ್ದಾಳೆ ಅಂತ ಹೇಳಿರಲಿಲ್ಲ. "ಹೇಳ್ಬೇಡ ಅಜ್ಜಿ, ಮಾನ ಹೋಗುತ್ತೆ ನಂದು" ಅಂದಿದ್ದಳು. ಒಂದು ಸಂಜೆ ಮಾತ್ರ ಮಾನ ಹೋಗುವಂಥದ್ದೇ ನಡೆಯಿತು.

ನಮ್ಮ ಕಡೆ ಕಾಲುದಾರಿಗಳೆಲ್ಲ ಒಬ್ಬರ ತೋಟದಿಂದ ಇನ್ನೊಬ್ಬರ ತೋಟಕ್ಕೆ ಹಾದುಹೋಗುತ್ತವೆ. ದಾರಿಯಲ್ಲಿ ಯಾರದೋ ಮರದ ಕಾಯಿ ಬಿದ್ದಿದ್ದರೆ ನಾವು ಮನೆಗೆ ತರುವುದಿಲ್ಲ, ಹಾಗೇ ದಾಟಿಕೊಂಡೂ ಹೋಗುವುದಿಲ್ಲ. ಎತ್ತಿ ಆ ಮರದ ಬುಡಕ್ಕೆ, ತೊಟ್ಟು ಮೇಲೆ ಬರುವ ಹಾಗೆ ಇಟ್ಟು ಹೋಗುತ್ತೇವೆ. ತೋಟದವರು ಬಂದಾಗ ನೋಡಿ ಎತ್ತಿಕೊಳ್ಳುತ್ತಾರೆ. ಮದುವೆಯಾಗಿ ಬಂದ ಹೊಸದರಲ್ಲಿ ನಮ್ಮ ಅತ್ತೆ ಕಲಿಸಿದ್ದು. ಇವತ್ತಿಗೂ ಬಿದ್ದ ಕಾಯಿ ಕಂಡರೆ ನನ್ನ ಬೆನ್ನು ತಾನೇ ಬಾಗುತ್ತದೆ.

ಆಟದಲ್ಲಿ ಯಾರಾದರೂ ಏಟು ತಿಂದು ಬಿದ್ದರೆ ಅವರ ಗಂಟೆಲ್ಲ ನೆಲದ ಮೇಲೆ ಚೆಲ್ಲುತ್ತದೆ. ಯಾರು ಮೊದಲು ಬಾಚಿದರೆ ಅವರಿಗೆ. ಆ ಸಂಜೆ ಬೇರೆ ಗುಂಪಿನ ಒಬ್ಬ ದಾಂಡಿಗ ನಮ್ಮ ಮೇಲೆ ಬಿದ್ದ. ಹುಲಿ, ಬಾಣ ಸೇರಿ ಅವನನ್ನು ಕೆಡವಿದರು. ಅವನ ಕತ್ತಿ ನನ್ನ ಮುಂದೆಯೇ ಬಿತ್ತು. ಥಳಥಳ ಹೊಳೆಯುವ ಕತ್ತಿ.

"ಎತ್ತಜ್ಜಿ, ಎತ್ತು ಬೇಗ!" ಎಂದಳು ವೀಣಾ.

ಎತ್ತಿದೆ. ನಾಲ್ಕು ಹೆಜ್ಜೆ ನಡೆದು, ಅಲ್ಲೇ ಇದ್ದ ಮರದ ಬುಡಕ್ಕೆ ಇಟ್ಟೆ. ಕೈ ತಾನೇ ಹಾಗೆ ಮಾಡಿತು. ಆ ದಾಂಡಿಗ ಎಲ್ಲಿಂದಲೋ ಮತ್ತೆ ಜೀವ ತಂದುಕೊಂಡು ಬಂದ, ನೋಡಿದ, ತನ್ನ ಕತ್ತಿಯನ್ನು ತಾನು ತೆಗೆದುಕೊಂಡ, ಹುಲಿಯನ್ನು ಒಂದೇ ಏಟಿಗೆ ಮಲಗಿಸಿದ.

ಪರದೆಯ ಕೆಳಗೆ ಸಾಲು ಸಾಲು ಅಕ್ಷರ ಓಡಿದವು. ವೀಣಾ ಓದಲಾರದೆ ಓದಿದಳು. "ಯಾರ್ಲಾ ಅದು ಕತ್ತಿ ವಾಪಸ್ ಕೊಟ್ಟಿದ್ದು! ಲೇ ಹೊನ್ನಿ, ನೀನು ನಮ್ ಕಡೆಯೋ ಅವ್ನ್ ಕಡೆಯೋ? ಸಾಕು ಕಣ್ಲಾ ಇವಳ ಸಹವಾಸ, ಬೇರೆ ಯಾರನ್ನಾದ್ರೂ ನೋಡಾಣ." ಅದು ಹುಲಿ. "ಹೂಂ ಕಣ್ಲಾ, ನನ್ ಫ್ರೆಂಡ್ ಒಬ್ಬ ಅವ್ನೆ." ಅದು ಬಾಣ.

ವೀಣಾಳ ಕಣ್ಣಲ್ಲಿ ನೀರು ತುಂಬಿತು. ನಾನು ಮೌಸಿನಿಂದ ಕೈ ತೆಗೆದೆ. ವರ್ಷವೆಲ್ಲ ಆ ಮಗು ಕಟ್ಟಿದ್ದನ್ನು ನಾನು ಒಂದು ಗಳಿಗೆಯಲ್ಲಿ ಮರದ ಬುಡಕ್ಕೆ ಇಟ್ಟುಬಿಟ್ಟೆನಲ್ಲ!

ಆಗ ನಾಲ್ಕನೆಯವರು ಬರೆದರು.

"ಇರ್ಲಿ ಬಿಡ್ರೆಪಾ. ಬಿದ್ದದ್ದು ತಗೊಂಡಿಲ್ಲ, ಇಟ್ಟಾರ. ಹಿಂಗ ಆಡೋರ್ನ ನಾ ನೋಡೇ ಇದ್ದಿಲ್ಲ."

ಹುಲಿ ಏನೋ ಕೂಗಾಡಿದ. ಶೇಂಗಾ ಮತ್ತೆ ಬರೆದರು. "ಹೊಸಬರು ಸಿಗ್ತಾರ, ಇಲ್ಲ ಅನ್ನಂಗಿಲ್ಲ. ಆದ್ರ ಇವ್ರು ಕಲಿಯಾಕತ್ತಾರ. ಇವ್ರನ್ನ ಬಿಟ್ರ ನಾನೂ ಬರಂಗಿಲ್ಲ."

ಆಮೇಲೆ ನನಗೆ ಮಾತ್ರ ಅಂತ ಒಂದು ಸಾಲು. "ಹೊನ್ನಿ ಅವ್ರ, ಗಾಬ್ರಿ ಆಗಬ್ಯಾಡ್ರಿ. ನಾಳೆ ಹೊಳಿ ಹತ್ರ ಬರ್ರಿ. ನಾ ಅಲ್ಲೇ ಇರ್ತೀನಿ."

ವೀಣಾ ಓದಿ ಮುಗಿಸಿದಳು. "ಇನ್ನೊಂದ್ಸಲ ಓದೇ" ಅಂದೆ. ಓದಿದಳು. ಅಷ್ಟು ವರ್ಷದ ಬಾಳಿನಲ್ಲಿ ನಾನು ಎಲ್ಲೂ ಹಿಂದೆ ಬಿದ್ದವಳಲ್ಲ. ಕೊಬ್ಬರಿ ಒಡೆಯುವುದರಲ್ಲಿ ನಮ್ಮ ಬೀದಿಗೇ ನಾನು ಮುಂದೆ. ಚಿಪ್ಪಿನ ಮೇಲೆ ಏಟು ಎಲ್ಲಿ ಬೀಳಬೇಕೋ ಅಲ್ಲೇ ಬೀಳಬೇಕು, ಒಳಗಿನ ಉಂಡೆಗೆ ಗಾಯವಾಗಬಾರದು. ನನ್ನ ಕೈ ಎಷ್ಟು ಚುರುಕೋ ಬಾಯಿ ಅದಕ್ಕಿಂತ ಚುರುಕು. ಪಕ್ಕದ ಮನೆಯ ಹೊಸ ಸೊಸೆ ಆ ವರ್ಷ ಮುಯ್ಯಾಳಾಗಿ, ಅವರ ಕೆಲಸಕ್ಕೆ ನಾವು ನಮ್ಮ ಕೆಲಸಕ್ಕೆ ಅವರು ಅಂತ, ಕೊಬ್ಬರಿ ಒಡೆಯಲು ಬರುತ್ತಿದ್ದಳು, ಪಾಪ, ಒಡೆದದ್ದರಲ್ಲಿ ಅರ್ಧದಷ್ಟು ಹೋಳಾಗುತ್ತಿತ್ತು. ಮಾರನೇ ದಿನ ಅವಳು ಒಂದು ಉಂಡೆ ಸೀಳಿ ನನ್ನ ಮುಖ ನೋಡಿದಳು, ಬೈಗುಳಕ್ಕೆ ಕಾಯುವ ಹಾಗೆ. ನನ್ನ ಬಾಯಿಂದ ಬಂದ ಮಾತು ನನಗೇ ಹೊಸದು: "ಗಾಬ್ರಿ ಆಗ್ಬೇಡ ಕಣವ್ವ, ನಿಧಾನಕ್ಕೆ ಹೊಡಿ. ನಾನಿಲ್ಲೇ ಅವ್ನಿ." ಅವಳು ಕಣ್ಣು ಕಣ್ಣು ಬಿಟ್ಟಳು. ಆ ಮಾತು ನನ್ನದಲ್ಲ, ಹೊಳೆಯ ದಡದವರದು ಅಂತ ಅವಳಿಗೆ ಹೇಗೆ ಗೊತ್ತಾಗಬೇಕು.

ಹೊಳೆಗೆ ಒಂದು ಸೇತುವೆ. ಸೇತುವೆ ಅಂದರೆ ನಾವು ಕಾಲುವೆಗೆ ಅಡ್ಡ ಹಾಕುವ ತೆಂಗಿನ ಮರದ ದಿಮ್ಮಿಯ ಹಾಗೆ, ಅಷ್ಟೇ ಅಗಲ. ವೀಣಾ ಎಡಗೈಯಲ್ಲಿ ಕೀಲಿ ಒತ್ತಿ ದಾರಿ ತಿರುಗಿಸಬೇಕು, ನಾನು ಬಲಗೈಯಲ್ಲಿ ಹೆಜ್ಜೆ ಇಡಿಸಬೇಕು. ಒಬ್ಬರದು ಕೂದಲೆಳೆ ತಪ್ಪಿದರೂ ಹೊನ್ನಿ ನೀರಿಗೆ. ಬಿದ್ದರೆ ಮತ್ತೆ ಈ ದಡದಲ್ಲಿ ಏಳುತ್ತಾಳೆ, ಗಂಟು ಮಾತ್ರ ಚೆಲ್ಲಾಪಿಲ್ಲಿ. ದಾಟಿ ಆಚೆ ಹೋದರೆ ಸ್ವಲ್ಪ ದೂರದಲ್ಲೇ ಆ ನಾಲ್ಕು ಕಲ್ಲು, ಆ ಬಾಗಿಲು.

ಹುಲಿ, ಬಾಣ ದಾಟಿ ಹೋಗಿ ಆಚೆ ಬೇಟೆಯಾಡಿಕೊಂಡಿದ್ದರು. "ಬಂದ್ಲಾ? ಬಂದ್ಲಾ?" ಎಂದು ದಿನಕ್ಕೊಂದು ಸಲ ಕೇಳುವುದು, ಹಲ್ಲು ಕಡಿಯುವುದು. ಶೇಂಗಾ ಮಾತ್ರ ನಮ್ಮ ಜೊತೆ, ಸೇತುವೆಯ ಆಚೆ ತುದಿಯಲ್ಲಿ ನಿಂತು ಹೇಳಿಕೊಡುತ್ತಾ. ಹಸ್ತ ಮಳೆ ಪೂರ್ತಿ ಹೀಗೇ ಕಳೆಯಿತು. ಹೊರಗೆ ತೋಟದಲ್ಲಿ ನೀರು, ಒಳಗೆ ಆಟದಲ್ಲೂ ನೀರು.

"ಒಂದ್ ಹೆಜ್ಜಿ ಇಡ್ರಿ. ನಿಲ್ರಿ. ಉಸ್ರು ತಗೋರಿ. ಇನ್ನೊಂದ್ ಹೆಜ್ಜಿ."

ವೀಣಾ ಓದುತ್ತಿದ್ದಳು, ನಾನು ಇಡುತ್ತಿದ್ದೆ. ಬೀಳುತ್ತಿದ್ದೆ. ಬಿದ್ದಾಗಲೆಲ್ಲ ಶೇಂಗಾ ಆಚೆಯಿಂದ ಆ ದಿಮ್ಮಿಯ ಮೇಲೆ ಮತ್ತೆ ಈಚೆ ಬಂದು, ನನ್ನ ಗಂಟಿನ ಸಾಮಾನು ಒಂದೊಂದೇ ಆರಿಸಿ, ದಡದಲ್ಲಿದ್ದ ಮರದ ಬುಡದಲ್ಲಿ ಇಟ್ಟು ಸರಿದು ನಿಲ್ಲುತ್ತಿದ್ದರು. ನಾನು ಹೋಗಿ ಎತ್ತಿಕೊಳ್ಳುತ್ತಿದ್ದೆ. ಮೊದಲ ಸಲ ಅದನ್ನು ನೋಡಿದಾಗ ನಾನು ವೀಣಾಳ ಮಂಡಿ ಅದುಮಿ, "ನೋಡೇ, ನೋಡೇ! ಮರದ ಬುಡಕ್ಕೇ ಇಟ್ರು!" ಎಂದು ಕೂಗಿದೆ. ಗದಗದ ಕಡೆ ತೆಂಗಿನ ತೋಟ ಎಲ್ಲಿದ್ದೀತು? ನನ್ನಿಂದಲೇ ಕಲಿತದ್ದು. ಆಟ ಬಾರದ ನನ್ನಿಂದ!

ಬರುಬರುತ್ತಾ ವೀಣಾಳೂ ಬೈಯುವುದು ಬಿಟ್ಟಳು. ನಾನು ತಡವರಿಸಿದರೆ ತಾನೂ ಕೀಲಿ ಬಿಟ್ಟು ಕಾಯುತ್ತಿದ್ದಳು. "ಇಲ್ಲೇ ಅವ್ರಂತೆ ಕಣಜ್ಜಿ, ನಿಧಾನ ಮಾಡು" ಅನ್ನುತ್ತಿದ್ದಳು. ಇಬ್ಬರೂ ಪರದೆಯ ಮೇಲಿನ ಶೇಂಗಾ ಅವರ ಹಳದಿ ಪೇಟದ ಗೊಂಬೆಯನ್ನು ನೋಡಿಕೊಂಡು ಕೂತಿರುತ್ತಿದ್ದೆವು. ಕಾಯುತ್ತಿರುವಾಗ ಅದು ಒಮ್ಮೊಮ್ಮೆ ಕಾಲು ಬದಲಿಸಿ ನಿಲ್ಲುತ್ತಿತ್ತು, ಬಸ್ಸಿಗೆ ನಿಂತವರ ಹಾಗೆ.

ಯಾರಿರಬಹುದು ಅಂತ ನನಗೆ ಯಾವಾಗಲೂ ಅದೇ ಯೋಚನೆ. ಕಾಲೇಜು ಹುಡುಗನೋ, ಮನೆಯೊಳಗೇ ಇರುವ ಹೆಣ್ಣುಮಗಳೋ, ನನ್ನ ಹಾಗೆ ಮೊಮ್ಮಕ್ಕಳ ಪಕ್ಕ ಕೂತ ಮುದುಕರೋ. ಕೇಳು ಅಂದರೆ ವೀಣಾ ಒಪ್ಪುತ್ತಿರಲಿಲ್ಲ. ಅವರನ್ನು ಕೇಳಿದರೆ ನಾವೂ ಹೇಳಬೇಕಾಗುತ್ತದಲ್ಲ. "ಬಾಗಿಲು ತೆಗೀಲಿ ಅಜ್ಜಿ, ಆಮೇಲೆ ಎಲ್ಲಾ ಹೇಳಾಣ" ಅನ್ನುತ್ತಿದ್ದಳು.

ಹಸ್ತ ಮುಗಿದು ಚಿತ್ತೆ ಹಿಡಿಯಿತು. ಬಾಗಿಲಿಗೆ ಇನ್ನು ಸ್ವಲ್ಪವೇ ದಿನ ಉಳಿದಿತ್ತು. ಒಂದು ಸಂಜೆ ಪಡುವಣದಲ್ಲಿ ಮೋಡ ಕಪ್ಪಗೆ ಒಟ್ಟಿಕೊಂಡಿತ್ತು. ಯಜಮಾನರು ಹಸು ಒಳಗೆ ಕಟ್ಟುತ್ತಾ, "ಸಿಡಿಲು ಬರೋ ಹಂಗೈತೆ, ಅದನ್ನ ಆರಿಸ್ರೇ" ಎಂದು ಕೂಗಿದರು. "ಒಂದ್ ಗಳಿಗೆ ರೀ" ಅಂದೆ. ಹೊನ್ನಿ ದಿಮ್ಮಿಯ ಅರ್ಧಕ್ಕೆ ಬಂದಿದ್ದಳು. ಅಷ್ಟು ದೂರ ಎಂದೂ ಬಂದಿರಲಿಲ್ಲ.

"ನಿಲ್ರಿ. ಹೂಂ, ಇನ್ನೊಂದ್ ಹೆಜ್ಜಿ. ಅವಸರ ಏನೂ ಇಲ್ಲ."

ಇಟ್ಟೆ. ನಿಂತೆ. ಇಟ್ಟೆ. ವೀಣಾಳ ಉಸಿರು ನನ್ನ ಕಿವಿಗೆ ಬಡಿಯುತ್ತಿತ್ತು. ಕೊನೆಯ ಹೆಜ್ಜೆ. ಹೊನ್ನಿಯ ಕಾಲ ಕೆಳಗೆ ಹಸಿರು ಹುಲ್ಲು!

"ದಾಟಿದ್ವಿ! ಅಜ್ಜೀ, ದಾಟಿದ್ವಿ ಕಣೇ ಅಜ್ಜೀ!" ವೀಣಾ ಪಟ್ಟಿ ಹಾಕಿದ ಕೈಯಿಂದಲೇ ನನ್ನನ್ನು ತಬ್ಬಿದಳು, ನನ್ನ ದವಡೆಗೆ ಅದು ಬಡಿದು ಕಣ್ಣಲ್ಲಿ ನೀರು ಬಂತು. ಆ ನೀರು ಬಡಿದದ್ದಕ್ಕೆ ಮಾತ್ರ ಬಂದದ್ದಲ್ಲ.

ಶೇಂಗಾ ಬರೆದರು. "ಶಭಾಷ್! ಬರ್ರಿ ಇನ್ನ, ಕಲ್ಲಿನ ಕಡೆ ಹೋಗೂಣು." ಹುಲಿ, ಬಾಣ ಆಗಲೇ ತಮ್ಮ ತಮ್ಮ ಕಲ್ಲಿನ ಮೇಲೆ ಹತ್ತಿ ನಿಂತಿದ್ದರು.

"ತಡಿಯೇ ವೀಣಾ. ಅವ್ರಿಗೆ ಒಂದು ಮಾತು ಹೇಳಾಣ ಮೊದ್ಲು."

"ಅಯ್ಯೋ, ಆಮೇಲೆ ಅಜ್ಜಿ! ಮೊದ್ಲು ಕಲ್ಲು!"

"ಬಾಗಿಲು ತೆಗೆದ ಮೇಲೆ ಎಲ್ರೂ ಒಳಕ್ಕೆ ಓಡ್ತಾರೆ ಕಣೇ. ಆಮೇಲೆ ಯಾರಿಗ್ ಯಾರು? ಇಷ್ಟು ದಿನ ನಿಂತವ್ರೆ ನಂಗೋಸ್ಕರ. ಬರಿಯೇ, ನಮ್ಮವ್ವ."

ಅವಳು ನನ್ನ ಮುಖ ನೋಡಿದಳು. ಎಡಗೈಯ ಒಂದೊಂದೇ ಬೆರಳಿನಲ್ಲಿ ಅಕ್ಷರ ಹುಡುಕಿ ಹುಡುಕಿ ಒತ್ತುವುದಕ್ಕೆ ಶುರು ಮಾಡಿದಳು. ನಾನು ಹೇಳುತ್ತಾ ಹೋದೆ. ನಾನು ಹೊನ್ನಿ ಅಲ್ಲ, ಅವಳ ಅಜ್ಜಿ. ಊರು ಹೊನ್ನವಳ್ಳಿ. ನನಗೆ ಆಟ ಬರುವುದಿಲ್ಲ. ನೀವು ಯಾರ ಮಗಳೋ ಮಗನೋ ಕಾಣೆ. ನಿಮ್ಮ ಹೊಟ್ಟೆ ತಣ್ಣಗಿರಲಿ.

"ಅಜ್ಜಿ, ಸ್ವಲ್ಪ ಚಿಕ್ಕದಾಗಿ ಹೇಳು, ಕೈ ನೋಯ್ತೈತೆ."

"ಎಲ್ಲೀ ತನಕ ಆಯ್ತು?"

"ನಾನು ಹೊನ್ನಿ ಅಲ್ಲ, ಅವಳ... ಅಂತ ಆಗೈತೆ."

ಹಳದಿ ಪೇಟದ ಗೊಂಬೆ ನಮ್ಮ ಕಡೆಗೇ ಮುಖ ಮಾಡಿ ನಿಂತಿತ್ತು. ಕಾಲು ಬದಲಿಸಿತು.

ಆಗಲೇ ಸಿಡಿಲು ಬಿದ್ದದ್ದು. ಕೆರೆ ಏರಿಯ ಹತ್ತಿರದ ಒಂದು ಮರಕ್ಕೆ. ಗೋಡೆಯ ಡಬ್ಬಿ ಚಟ್ ಎಂದಿತು, ಪರದೆ ಕಪ್ಪಾಯಿತು. ಕೋಣೆಯೊಳಗೆ ಆ ವಾಸನೆ ಎದ್ದಿತು. ಅಟ್ಟದ ಮೇಲೆ ಕಾಯಿಗಳು ಗುಡುಗಿನ ಅದುರಿಗೆ ಗಲಗಲ ಅಂದವು.

ಬರೆದ ಅರ್ಧ ಸಾಲೂ ಅವರಿಗೆ ಹೋಗಿರಲಿಲ್ಲ. ಪೂರ್ತಿ ಬರೆದು ಇನ್ನೊಂದು ಕೀಲಿ ಒತ್ತಿದರೆ ಮಾತ್ರ ಹೋಗುವುದಂತೆ.

ಮಾರನೇ ದಿನವೇ ಮಗ ವೀಣಾಳನ್ನು ತಿಪಟೂರಿನ ಇನ್ನೊಂದು ಸೈಬರಿಗೆ ಕರೆದುಕೊಂಡು ಹೋದ. ಹೊನ್ನಿಯ ಬೀಗದ ಮಾತು, ಪಾಸ್‌ವರ್ಡ್ ಅಂತಾರಲ್ಲ, ಅದು ನಮ್ಮ ಮನೆಯ ಯಂತ್ರಕ್ಕೆ ಗೊತ್ತಿತ್ತೇ ಹೊರತು ವೀಣಾಳಿಗೆ ಮರೆತುಹೋಗಿತ್ತು. ಹೊಸ ಹೆಸರಲ್ಲಿ ಒಳಗೆ ಹೋದರೆ ಆ ಹೊಳೆಯ ತನಕ ಬರುವುದಕ್ಕೆ ಮತ್ತೆ ಒಂದು ವರ್ಷ ಬೇಕು. ನಮ್ಮ ಕಂಪ್ಯೂಟರಿನ ಒಳಗೂ ಏನೋ ಸುಟ್ಟಿತ್ತು. ಅದು ರಿಪೇರಿಯಾಗಿ, ಲೈನ್‌ಮ್ಯಾನ್ ಬಂದು ಫೋನಿನ ತಂತಿ ಸರಿಮಾಡಿ, ಹೊಸ ಡಬ್ಬಿ ಹಾಕುವ ಹೊತ್ತಿಗೆ ದೀಪಾವಳಿ ಕಳೆದಿತ್ತು. ವೀಣಾಳ ಕೈ ಪಟ್ಟಿಯೂ ಬಿಚ್ಚಿತ್ತು. ಇನ್ನು ನನ್ನ ಕೈ ಬೇಕಾಗಿರಲಿಲ್ಲ, ಆದರೂ ಪಕ್ಕದಲ್ಲೇ ಕೂತೆ.

ಹೊನ್ನಿ ಸೇತುವೆಯ ಆಚೆ ದಡದಲ್ಲಿ, ಬಿಟ್ಟ ಜಾಗದಲ್ಲೇ ಎದ್ದಳು. ಬಾಗಿಲಿದ್ದ ಕಡೆ ಬರೀ ಗೋಡೆ. ಹುಲಿ, ಬಾಣ ಬೇರೆ ಗುಂಪು ಸೇರಿದ್ದರು. ಬಾಗಿಲೊಳಗೆ ಹೋಗಿ ಬಂದವರಿಗೆ ಕೊಡುವ ನೀಲಿ ಅಂಗಿ ಇಬ್ಬರ ಮೈಮೇಲೂ ಇತ್ತು. ವೀಣಾ ಬಾಣನನ್ನು ಕೇಳಿದಳು. ಅವನು ಬರೆದದ್ದನ್ನು ಅವಳು ಮೆಲ್ಲಗೆ ಓದಿದಳು.

"ಶೇಂಗಾನೂ ಕರೆದ್ವಿ ಕಣೆ. ಬರ್ಲಿಲ್ಲ. 'ಹೊನ್ನಿ ದಾಟ್ಯಾರ, ಬರ್ತಾರ' ಅಂತ ಅಲ್ಲೇ ನಿಂತಿದ್ರು. ಬಾಗಿಲು ಮುಚ್ಚೋ ದಿನಾನೂ ಅಲ್ಲೇ. ಆಮೇಲೆ ನೋಡಿಲ್ಲ."

ನಮ್ಮ ಗುಂಪಿನ ಪಟ್ಟಿಯಲ್ಲಿ ಎರಡೇ ಹೆಸರು ಉಳಿದಿದ್ದವು. ಹೊನ್ನಿ ಒಂದು. ಇನ್ನೊಂದು ಬೂದಿ ಬಣ್ಣದಲ್ಲಿ, ಶೇಂಗಾ.

"ಆ ಮರದ ಹತ್ರ ಹೋಗೇ" ಅಂದೆ. ವೀಣಾ ಈಗ ಎರಡೂ ಕೈಯಲ್ಲಿ ಸರಸರ ದಿಮ್ಮಿ ದಾಟಿ ಈಚೆ ದಡಕ್ಕೆ ಬಂದಳು. ಮರದ ಬುಡದಲ್ಲಿ ಏನೂ ಇರಲಿಲ್ಲ. ಬರೀ ಹುಲ್ಲು.

"ನೆಲದ ಮೇಲೆ ಇಟ್ಟಿದ್ದು ಸ್ವಲ್ಪ ಹೊತ್ತಿಗೆ ಮಾಯ ಆಗುತ್ತೆ ಅಜ್ಜಿ. ಆಟ ಅದು" ಎಂದಳು. ಹಾಗಾದರೆ ಅವರು ಏನಾದರೂ ಇಟ್ಟು ಹೋಗಿದ್ದರೋ ಇಲ್ಲವೋ, ಅದೂ ಗೊತ್ತಾಗುವ ಹಾಗಿಲ್ಲ.

ವೀಣಾ ಬಹಳ ದಿನ ಸಂಜೆ ಹೊನ್ನಿಯನ್ನು ಆ ದಡದಲ್ಲಿ ನಿಲ್ಲಿಸುತ್ತಿದ್ದಳು. ಬೂದಿ ಬಣ್ಣ ಬದಲಾಗಲಿಲ್ಲ. ಪರೀಕ್ಷೆ ಬಂತು, ಕಾಲೇಜು ಬಂತು, ಕಂಪ್ಯೂಟರು ಕೆಟ್ಟು ಮೂಲೆ ಸೇರಿತು. ಆ ಆಟವೇ ಈಗ ನಿಂತುಹೋಗಿದೆಯಂತೆ.

ಬಾಗಿಲು ತೆರೆಯಲಿಲ್ಲ ಅಂತ ನನಗೆ ಹೆಚ್ಚಿನ ಕೊರಗಿಲ್ಲ. ವೀಣಾಳಿಗೆ ಇತ್ತು, ಬೆಳೆದ ಮೇಲೆ ಅವಳಿಗೂ ಹೋಯಿತು. ನನಗೆ ಉಳಿದದ್ದು ಬೇರೆ. ಅವಸರ ಮಾಡಿದವರಿಗೆ ನೀಲಿ ಅಂಗಿ ಸಿಕ್ಕಿತು. ಕೈ ಬಾರದ ಒಬ್ಬಳಿಗಾಗಿ ಹಸ್ತ ಮಳೆ ಪೂರ್ತಿ ನಿಂತವರಿಗೆ ಏನು ಸಿಕ್ಕಿತು? ಒಂದು ಮಾತೂ ಸಿಗಲಿಲ್ಲ. ದಾಟಿ ಬಂದ ಹೊನ್ನಿ ಕಣ್ಣೆದುರಲ್ಲೇ ಮಾಯವಾದದ್ದು ನೋಡಿ ಏನಂದುಕೊಂಡರೋ. ಇಷ್ಟು ಕಾದೆ, ದಾಟಿದ ಕೂಡಲೇ ಬಿಟ್ಟು ಹೋದಳು ಅಂತಲೇ? ಗಾಳಿ ಬೀಸಿ ತೋಟದಲ್ಲಿ ಕಾಯಿ ಬಿದ್ದ ಸದ್ದಾದಾಗ, ಒಮ್ಮೊಮ್ಮೆ ಅದು ನೆನಪಾಗಿ ಹಿಡಿದ ಕೆಲಸ ಕೈಯಲ್ಲೇ ನಿಲ್ಲುತ್ತದೆ.

ಇದೆಲ್ಲ ಹೋದ ವಾರ ಆ ವಾಸನೆಯ ಜೊತೆ ಎದ್ದು ಬಂತು. ಚಿನ್ನು ಇನ್ನೂ ಅಳುತ್ತಿದ್ದಳು. ನಾನು, "ವೀಣಾ, ಏನಾದ್ರೂ ಮಾಡೇ. ಬೇಗ ಮಾಡೇ" ಅಂದೆ. ಹೇಳುವುದಕ್ಕೆ ಮುಂಚೆಯೇ ಅವಳು ತನ್ನ ಮೊಬೈಲಿನಲ್ಲಿ ಏನೋ ಒತ್ತಿ ಅದರಿಂದಲೇ ಮಗುವಿನ ಮೊಬೈಲಿಗೆ ಇಂಟರ್‌ನೆಟ್ ಕೊಟ್ಟಳು. ಸುತ್ತುವ ಚಕ್ರ ಸುತ್ತಿತು, ಸುತ್ತಿತು. ಬಣ್ಣದ ಬಯಲು ಮೂಡಿತು.

"ಇದ್ದಾರೇನೇ ಚಿನ್ನು?"

ಮಗು ಮೂಗೊರೆಸಿಕೊಂಡು ನೋಡಿತು. "ಇಬ್ರು ಹೋಗ್ಬುಟ್ರು. ಒಬ್ರು ಅವ್ರೆ ಮುತ್ತಜ್ಜಿ! ನಿಂತವ್ರೆ!"

"ಹೇಳೇ, ಹೇಳೇ ಅವ್ರಿಗೆ! ಮಿಂಚು ಬಂತು, ಡಬ್ಬಿ ಸುಟ್ಟೋಯ್ತು, ಅದಕ್ಕೇ..."

"ನಂಗೆ ಅಷ್ಟೆಲ್ಲ ಬರಿಯಕ್ಕೆ ಬರಲ್ಲ" ಎಂದು ಚಿನ್ನು ಪರದೆಯ ಮೂಲೆಯಲ್ಲಿದ್ದ ಒಂದು ಚಿಕ್ಕ ಅಂಗೈ ಚಿತ್ರವನ್ನು ಒತ್ತಿದಳು. ಅವಳ ಗೊಂಬೆ ಕೈ ಎತ್ತಿ ಬೀಸಿತು. ಎದುರಿನ ಗೊಂಬೆಯೂ ಬೀಸಿತು. ಮುಗಿಯಿತು. ಇಬ್ಬರೂ ಓಡಿದರು.

ನಾನು ಆ ಅಂಗೈಯನ್ನೇ ನೋಡುತ್ತಾ ಕೂತೆ. "ವೀಣಾ, ಆ ಆಟದಾಗೂ ಇತ್ತೇನೇ ಇದು?"

ವೀಣಾ ಸುಟ್ಟ ಡಬ್ಬಿಯ ತಂತಿ ಬಿಚ್ಚುತ್ತಿದ್ದವಳು ಅದನ್ನು ಕೈಯಲ್ಲೇ ಹಿಡಿದುಕೊಂಡಿದ್ದಳು.

"ಇತ್ತು ಅಜ್ಜಿ" ಎಂದಳು. "ಮೌಸಲ್ಲಿ ಒಂದೇ ಒತ್ತು. ನಿನ್ನ ಕೈಯಲ್ಲೇ ಇತ್ತು. ಇಬ್ರಿಗೂ ಹೊಳೀಲಿಲ್ಲ."

ಚಿನ್ನು ನನ್ನ ತೊಡೆಯ ಮೇಲೆ ಕೂತು ಆಡುತ್ತಿದ್ದಳು. ಅವಳ ಗೊಂಬೆ ಆ ಕಾದಿದ್ದ ಗೊಂಬೆಯ ಹಿಂದೆ ಹಿಂದೆ ಓಡುತ್ತಿತ್ತು. ನಾನು ಅವಳ ಭುಜದ ಮೇಲಿಂದ ಕೈ ಚಾಚಿ, ಆ ಅಂಗೈ ಚಿತ್ರದ ಮೇಲೆ ನನ್ನ ಬೆರಳಿಟ್ಟು ಒತ್ತಿದೆ.

"ಆಗ್ಲೇ ಬೀಸಿದ್ನಲ್ಲಾ ಮುತ್ತಜ್ಜಿ!" ಎಂದಳು ಚಿನ್ನು.

"ಇರ್ಲಿ ಬುಡವ್ವ" ಅಂದೆ. ಇನ್ನೊಂದು ಸಲ ಒತ್ತಿದೆ.